ಚಿರೂಟಿನ ಪರೀಕ್ಷೆ, ಬೀಡಿಯ ಪರೀಕ್ಷೆ

ನಮ್ಮ ಪತ್ರಿಕೆಯಲ್ಲಿ ಚಿರೂಟಿನ ರುಚಿಯ ಮಾತು ಬಂದುದನ್ನು ಕಂಡು ವಾಚಕರು ನಗಬಹುದು. ಚಂದಾಹಣಕ್ಕೆ ಪರದಾಡುವ ವಾರಪತ್ರಿಕೆಗೆ ಹವಾನಾದ ಚಿರೂಟಿನ ಗೊಡವೆ ಏಕೆಂದು ಕೇಳಬಹುದು. ಕೇಳಲಿ. ಬೆಳಗಾವಿ ಜಿಲ್ಲೆಯಲ್ಲಿ ಕುಳಿತು ತಂಬಾಕಿನ ಮಾತನ್ನು ಆಡದೆ ಇರುವುದೇ ವಿಚಿತ್ರ.

ಸಂಗತಿ ಇಷ್ಟು. ಬೆಳಗಾವಿಯ ಕ್ಯಾಂಪಿನಲ್ಲಿರುವ ಸ್ನೇಹಿತರೊಬ್ಬರ ಮಗ ದುಬೈಯಿಂದ ಬರುವಾಗ ಕ್ಯೂಬಾದ ಒಂದು ಚಿರೂಟು ತಂದನು. ಸ್ನೇಹಿತರು ಸೇದುವವರಲ್ಲ, ನಮ್ಮ ಕೈಗಿತ್ತರು. ಜೊತೆಗೆ ಒಂದು ಅಚ್ಚಾದ ಚೀಟಿಯೂ ಇತ್ತು. ಚಿರೂಟನ್ನು ಪರೀಕ್ಷಿಸಿ ನೂರಕ್ಕೆ ಎಷ್ಟು ಗುಣ ಕೊಡಬೇಕೆಂಬ ಕ್ರಮ ಅದರಲ್ಲಿತ್ತು. ಮೊದಲು ಎರಡು ಬೆರಳುಗಳ ನಡುವೆ ಒತ್ತಿ ನೋಡಬೇಕು; ಎಲ್ಲಿಯೂ ಗಂಟು ಇರಬಾರದು, ಟೊಳ್ಳೂ ಇರಬಾರದು. ಹೊದಿಕೆಯ ಎಲೆ ನುಣುಪಾಗಿ, ಎಣ್ಣೆ ಸವರಿದಂತೆ ಹೊಳೆಯಬೇಕು. ತುದಿ ಕತ್ತರಿಸಿ, ಬೆಂಕಿ ಹಚ್ಚದೆಯೇ ಒಮ್ಮೆ ಎಳೆದು ರುಚಿ ನೋಡಬೇಕು. ಹಚ್ಚುವಾಗಲೂ ಜ್ವಾಲೆ ನೇರವಾಗಿ ತಾಕಕೂಡದು, ಕಾವಿನಿಂದಲೇ ಹೊತ್ತಿಕೊಳ್ಳಬೇಕು. ಹೊಗೆಯನ್ನು ಎದೆಗೆ ಎಳೆಯುವಂತಿಲ್ಲ, ಬಾಯಲ್ಲೇ ಹೊರಳಿಸಿ ಬಿಡಬೇಕು. ಚಿರೂಟನ್ನು ಮೂರು ಪಾಲು ಮಾಡಿ, ಮೊದಲ ಪಾಲಿನಲ್ಲಿ ಯಾವ ರುಚಿ, ನಡುವಿನಲ್ಲಿ ಯಾವುದು, ಕೊನೆಯಲ್ಲಿ ಯಾವುದು ಎಂದು ಬರೆದಿಡಬೇಕು. ಕಾಫಿ, ಕೋಕೋ, ಮೆಣಸು, ಚರ್ಮ, ಒದ್ದೆ ಮಣ್ಣು – ಇಷ್ಟೆಲ್ಲ ರುಚಿಗಳ ಪಟ್ಟಿಯೇ ಇದೆ. ಚರ್ಮದ ರುಚಿ ಹೇಗಿರುತ್ತದೆಂದು ಶ್ರೀಮಂತರಿಗೆ ಹೇಗೆ ತಿಳಿಯಿತೋ ನಾವರಿಯೆವು.

ಗುಣ ಕೊಡುವ ಯೋಗ್ಯತೆ ನಮಗಿಲ್ಲವೆನ್ನಿಸಿತು. ಖಾನಾಪುರದಲ್ಲಿ ನಮ್ಮ ಹಿರಿಯ ಸಂಗಾತಿಯೊಬ್ಬರಿದ್ದಾರೆ. ಪ್ರಾಯದ ಕಾಲವನ್ನೆಲ್ಲ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ಕಳೆದು, ಈಗ ಮಗಳ ಮನೆಯಲ್ಲಿ ಮೊಮ್ಮಕ್ಕಳೊಡನೆ ಇರುವವರು. ಲೋಂಡಾ ಕಡೆಯ ಗಾಡಿ ಹತ್ತಿ ಅವರಲ್ಲಿಗೆ ಹೋದೆವು. ಆಷಾಢದ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು. ಚಿರೂಟು ಒಣಗದಂತೆ ಸಿರಿವಂತರು ತೇವದ ಪೆಟ್ಟಿಗೆಯಲ್ಲಿಡುತ್ತಾರಂತೆ. ಮಳೆಗಾಲದ ಖಾನಾಪುರದಲ್ಲಿ ಅದರ ಅಗತ್ಯವಿಲ್ಲ, ಬೂಷ್ಟು ಹಿಡಿಯದಿದ್ದರೆ ಸಾಕು.

ಕಾಕಾ ಚೀಟಿಯನ್ನು ಓದಲಿಲ್ಲ. ಡಾಕ್ಟರರು ಬೀಡಿ ಬಿಡಿಸಿರುವುದರಿಂದ ಸೇದಲೂ ಇಲ್ಲ. ಚಿರೂಟನ್ನು ಕಿವಿಯ ಬಳಿ ಹಿಡಿದು ಮೆಲ್ಲಗೆ ಹೊರಳಿಸಿದರು. ಮೂಸಿದರು. ಹೊದಿಕೆಯ ಅಂಚನ್ನು ಉಗುರಿನಿಂದ ಎತ್ತಿ ನೋಡಿದರು.

“ಮಾಲು ಛಲೋ ಐತ್ರಿ. ಎಲಿ ನೆರಳಾಗ ಒಣಗಿಸ್ಯಾರ, ಒಟ್ಟಿಲು ಹಾಕಿ ಹದಾ ಮಾಡ್ಯಾರ. ನಮ್ಮದು ಬಿಸಲಾಗ ನೆಲದ ಮ್ಯಾಲ ಒಣಗೂ ಮಾಲು, ಅದರ ದಾರೀನ ಬ್ಯಾರೆ. ಆದ್ರ ಕುಡಿ ಚಿವುಟೂದು, ಸಂದಿನ ಚಿಗುರು ಕೀಳೂದು, ಆ ಕಷ್ಟ ಎಲ್ಲಾ ಕಡೆ ಒಂದ. ಇದನ್ನ ಸುತ್ತಿದವರ ಹೆಸರು ಚೀಟ್ಯಾಗ ಐತೇನ್ರಿ?”

ಇರಲಿಲ್ಲ. ಕಂಪನಿಯ ಹೆಸರಿತ್ತು, ಬೆಳೆದ ಸೀಮೆಯ ಹೆಸರಿತ್ತು, ಸುತ್ತಿದ ಕೈಯ ಹೆಸರಿರಲಿಲ್ಲ.

ಹವಾನಾದ ಚಿರೂಟು ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿಯುಂಟು. ಕೆಲಸಗಾರರು ಸಾಲಾಗಿ ಕುಳಿತು ಎಲೆ ಸುತ್ತುತ್ತಿರುವಾಗ ಎತ್ತರದ ಪೀಠದ ಮೇಲೆ ಒಬ್ಬನು ಕುಳಿತು ಅವರಿಗೆ ಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಓದಿ ಹೇಳುವನು. ಆತನ ಸಂಬಳವನ್ನು ಧಣಿಯಲ್ಲ, ಕೆಲಸಗಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಆ ಓದಿಗೆ ಧಣಿಗಳೂ ಸರಕಾರವೂ ಹೆದರಿ ಅದನ್ನು ನಿಲ್ಲಿಸಿದ ದಿನಗಳೂ ಇದ್ದವು. 1960ರಲ್ಲಿ ಆ ಕಾರ್ಖಾನೆಗಳು ಸರಕಾರದ ವಶವಾದವು. ಅಷ್ಟರಿಂದಲೇ ಅಲ್ಲಿ ಎಲ್ಲವೂ ನೆಟ್ಟಗಾಯಿತೆಂದು ನಾವು ಹೇಳುವುದಿಲ್ಲ; ಆ ಚಿರೂಟು ಈಗಲೂ ಪರದೇಶದ ಧನಿಕರ ಬಾಯಿಗೇ ಹೋಗುತ್ತದೆ. ಆದರೆ ಸುತ್ತುವವನಿಗೂ ಕಿವಿಯುಂಟು, ಬುದ್ಧಿಯುಂಟು ಎಂಬುದನ್ನು ಅವರು ನೂರೈವತ್ತು ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದರು.

ನಮ್ಮಲ್ಲಿ ತಂಬಾಕಿನ ಪರೀಕ್ಷೆ ಮಾಡುವವರು ಯಾರು? ನಿಪ್ಪಾಣಿ ಸೀಮೆಯ ರೈತನು ಎಲೆಯ ಮೇಲೆ ಕಂದು ಚಿಕ್ಕೆ ಬಿದ್ದುದನ್ನು ನೋಡಿಯೇ ಅದು ಬಲಿತಿದೆಯೆಂದು ತಿಳಿಯುತ್ತಾನೆ. ಅವನ ಕಣ್ಣಿಗಿಂತ ದೊಡ್ಡ ಪರೀಕ್ಷಕನಿಲ್ಲ. ಆದರೆ ದರ ನಿರ್ಧಾರವಾಗುವುದು ಕೊಳ್ಳುವ ವ್ಯಾಪಾರಿಯ ಮೂಗಿನಿಂದ. ಆತ ಒಂದು ಚಿಟಿಕೆ ಜರ್ದಾ ಅಂಗೈಯಲ್ಲಿ ತಿಕ್ಕಿ, ಮೂಸಿ, ‘ಹಗುರ ಮಾಲು’ ಎಂದರೆ ಮುಗಿಯಿತು. ಈ ಮೂಗಿನ ಆಳ್ವಿಕೆಯ ವಿರುದ್ಧವೇ 1981ರಲ್ಲಿ ರೈತರು ಶರದ ಜೋಶಿಯವರ ಮುಂದಾಳುತನದಲ್ಲಿ ನ್ಯಾಯವಾದ ದರ ಬೇಡಿ ನಿಪ್ಪಾಣಿಯ ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ 12 ಜನ ಬಲಿಯಾದರು. ಚಿರೂಟಿಗೆ ನೂರಕ್ಕೆ ತೊಂಬತ್ತು ಗುಣ ಕೊಡುವವರು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಇನ್ನು ಬೀಡಿ ಕಟ್ಟುವ ಹೆಣ್ಣುಮಕ್ಕಳ ಪಾಡು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ಜರ್ದಾ ತುಂಬಿ, ಸುರುಳಿ ಸುತ್ತಿ, ದಾರ ಬಿಗಿದು ಒಂದು ಸಾವಿರ ಬೀಡಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಅದನ್ನು ಒಯ್ದು ಒಪ್ಪಿಸುವಲ್ಲಿ ಇನ್ನೊಬ್ಬ ಪರೀಕ್ಷಕ ಕುಳಿತಿರುತ್ತಾನೆ. ಕಟ್ಟನ್ನು ಬಿಚ್ಚಿ, ಒತ್ತಿ ನೋಡಿ, ಇದು ಸಡಿಲು, ಅದು ಗಿಡ್ಡ ಎಂದು ಬದಿಗೆ ಎಸೆಯುತ್ತಾನೆ. ಅದಕ್ಕೆ ‘ಛಾಟ್’ ಎಂದು ಹೆಸರು.

“ಛಾಟ್ ಆದ ಬೀಡಿ ಒಲಿಗೆ ಹಾಕೂದು ನಾನು ಎಂದೂ ನೋಡ್ಲಿಲ್ಲ,” ಎಂದರು ಕಾಕಾ. “ಅದೂ ಯಾರದೋ ಬಾಯಾಗ ಹೊಗಿ ಆಗತಿತ್ತು. ಕೂಲಿ ಮಾತ್ರ ಇಲ್ಲ.”

ಚಿರೂಟಿಗೆ ಮಾಡುವ ಪರೀಕ್ಷೆ, ಬೀಡಿಗೆ ಮಾಡುವ ಪರೀಕ್ಷೆ ಎರಡೂ ಒಂದೇ. ಒತ್ತುವುದು, ಮೂಸುವುದು, ಕಣ್ಣಾಡಿಸುವುದು. ಅಲ್ಲಿ ಅದು ರಸಿಕತೆ. ಇಲ್ಲಿ ಅದು ಒಂದು ಸಂಸಾರದ ರಾತ್ರಿಯ ರೊಟ್ಟಿ.

ದೇಶದ ಕಾಯದೆಯು ಒಮ್ಮೆ ಈ ಎರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿತ್ತು. 1966ರ ‘ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯದೆ’ಯಲ್ಲಿ ತಿರಸ್ಕರಿಸಿದ ಮಾಲಿನ ಕೂಲಿಯ ತಕರಾರನ್ನು ಯಾರು ಬಗೆಹರಿಸಬೇಕೆಂಬುದು ಸೇರಿತ್ತು. ಅದರಡಿ ನಮ್ಮ ರಾಜ್ಯ ಮಾಡಿದ ನಿಯಮಗಳು ಛಾಟಿಗೆ ನೂರಕ್ಕೆ 5ರ ಮಿತಿ ಹಾಕಿದವು. ಬೀಡಿ ಮಾಲಿಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಮ್ ಕೋರ್ಟು ಕಾಯದೆಯನ್ನು ಎತ್ತಿ ಹಿಡಿಯಿತು. ನಿಪ್ಪಾಣಿಯ ತಂಬಾಕು ಕೆಲಸದ ಹೆಣ್ಣುಮಕ್ಕಳು 1980ರ ದಶಕದಲ್ಲಿ ಸಂಘ ಕಟ್ಟಿ ಹೋರಾಡಿದಾಗ ಅವರ ಕೈಯಲ್ಲಿ ಇಂಥ ಕಾಯದೆಯ ಬಲವಿತ್ತು. ಈಗ ಆ ಕಾಯದೆ ಇಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಅದನ್ನು ನುಂಗಿಕೊಂಡಿವೆ. ಹತ್ತಾರು ಕಾಯದೆಗಳನ್ನು ಒಂದು ಗಂಟು ಕಟ್ಟುವಾಗ ಸಣ್ಣವರ ಸಣ್ಣ ನಿಯಮಗಳೇ ಮೊದಲು ಸಂದಿನಿಂದ ಉದುರುವುದು ನಮ್ಮ ಅನುಭವ.

ತಂಬಾಕು ವಿಷವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಬೀಡಿಯೂ ಕೊಲ್ಲುತ್ತದೆ, ಚಿರೂಟೂ ಕೊಲ್ಲುತ್ತದೆ. ಎರಡನ್ನೂ ಬಿಡುವ ದಿನ ಬರಲಿ. ಬೀಡಿ ಕಟ್ಟುವವರಿಗೆ ಬೇರೆ ಕೆಲಸ ಕೊಡದೆ ಆರೋಗ್ಯದ ಉಪದೇಶ ಹೇಳುವವರನ್ನು ಮಾತ್ರ ನಾವು ನಂಬಲಾರೆವು. ಅಲ್ಲಿಯವರೆಗೆ ಕಟ್ಟಿದ ಬೀಡಿಗೆ ಕೂಲಿ ಸಿಗಬೇಕು. ಸರಕಾರವು ಹೊಸ ಸಂಹಿತೆಯ ಕೆಳಗೂ ಛಾಟಿನ ಮಿತಿಯನ್ನು ಸ್ಪಷ್ಟ ಶಬ್ದಗಳಲ್ಲಿ ಬರೆಯಲಿ. ತಿರಸ್ಕರಿಸಿದ ಬೀಡಿಯನ್ನು ಕಟ್ಟಿದವಳ ಎದುರಿಗೇ ಮುರಿದು ಹಾಕಲಿ. ಪರೀಕ್ಷೆಯ ಮೇಜಿನ ಬಳಿ ಕೆಲಸಗಾರರ ಪ್ರತಿನಿಧಿಯೊಬ್ಬಳಿಗೆ ಜಾಗ ಕೊಡಲಿ. ನಿಯಮವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚುಮಾಡಿ ಪ್ರತಿಯೊಬ್ಬ ಗುತ್ತಿಗೆದಾರನ ಬಾಗಿಲಿಗೆ ಹಚ್ಚಲಿ. ಮುಂದಿನ ಅಧಿವೇಶನಕ್ಕೆಂದು ಬೆಳಗಾವಿಯ ಸುವರ್ಣಸೌಧಕ್ಕೆ ಬರುವ ನಮ್ಮ ಜಿಲ್ಲೆಯ ಶಾಸಕರು ಈ ಒಂದು ಪ್ರಶ್ನೆಯನ್ನಾದರೂ ಕೇಳಲಿ.

ಚಿರೂಟಿನ ಗುಣ ಎಷ್ಟೆಂದು ನೀವು ಕೇಳುವಿರಿ. ಹಚ್ಚಿ ಮೂರು ಸಲ ಎಳೆದೆವು. ರುಚಿ ಚೆನ್ನಾಗಿತ್ತು, ತಲೆ ತಿರುಗಿತು. ಉಳಿದುದು ಖಾನಾಪುರದಲ್ಲಿ ಕಾಕಾನ ಮನೆಯ ಗೂಡಿನಲ್ಲಿದೆ. ಚೀಟಿಯ ಮೇಲೆ ಅವರ ಮೊಮ್ಮಗಳು ಲೆಕ್ಕ ಮಾಡುತ್ತಿದ್ದಳು.