ಕೋಣ ಎಂದು ಬರೆಯಿರಿ

ಮಾಂಸ ಬಡಿಸುವ ಹೋಟೆಲು ಅದು ಯಾವ ಪ್ರಾಣಿಯ ಮಾಂಸ ಎಂದು ಮೆನುವಿನಲ್ಲಿ ಬರೆಯಬೇಕು. ನನ್ನ ವಾದ ಇಷ್ಟೇ. ಇಷ್ಟು ಸರಳವಾದದ್ದನ್ನು ವಾದ ಮಾಡಿ ಹೇಳಬೇಕಾಗಿ ಬಂದಿರುವುದೇ ಸೋಜಿಗ.

ಪುಣೆಯ ನಮ್ಮ ಬಡಾವಣೆಯಲ್ಲಿ ಹೊಸದಾಗಿ ಒಂದು ಸ್ಟೇಕ್ ಹೋಟೆಲು ತೆರೆದಿದೆ. ಅಡುಗೆ ಚೆನ್ನಾಗಿದೆ, ಮೆನುವಂತೂ ಬಲು ವಿವರವಾಗಿದೆ. ಸಾಲ್ಮನ್ ಮೀನು ನಾರ್ವೆಯದು, ಕುರಿಮರಿ ನ್ಯೂಜಿಲೆಂಡಿನದು, ಅಣಬೆ ಸಾಸಿಗೆ ಕೆನೆ ಹಾಕಿದೆ. ಆದರೆ ಹೋಟೆಲಿನ ಹೆಸರಿಗೇ ಕಾರಣವಾದ ಪದಾರ್ಥದ ಎದುರು ಒಂದೇ ಪದ: ಟೆಂಡರ್‌ಲಾಯಿನ್. ಎಷ್ಟು ಬೇಯಬೇಕು ಎಂದು ಕೇಳಲು ರೇರ್‌ನಿಂದ ವೆಲ್‌ಡನ್‌ವರೆಗೆ ಐದು ಹಂತಗಳಿವೆ. ಬೇಯುತ್ತಿರುವುದು ಏನು ಎಂದು ಎಲ್ಲೂ ಇಲ್ಲ. ವೇಟರ್ ಹುಡುಗನನ್ನು ಕೇಳಿದರೆ, ಪಕ್ಕದ ಟೇಬಲ್ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ‘ಬಫ್’ ಎಂದ.

ದನಿ ಏಕೆ ತಗ್ಗಬೇಕು? ಅದು ಕಾನೂನುಬದ್ಧ ಆಹಾರ. ಮಹಾರಾಷ್ಟ್ರದಲ್ಲಿ ಗೋಹತ್ಯೆಗೆ ಮೊದಲೇ ನಿಷೇಧವಿತ್ತು. 2015ರ ತಿದ್ದುಪಡಿ ಹೋರಿ, ಎತ್ತುಗಳನ್ನೂ ಅದಕ್ಕೆ ಸೇರಿಸಿತು. ಎಮ್ಮೆ, ಕೋಣ ಆ ಪಟ್ಟಿಯಲ್ಲಿಲ್ಲ. ಎಮ್ಮೆ ಮಾಂಸ ರಫ್ತು ಮಾಡುವ ಜಗತ್ತಿನ ದೊಡ್ಡ ದೇಶಗಳಲ್ಲಿ ಭಾರತವೂ ಒಂದು. ಹಡಗು ಹತ್ತುವಾಗ ಕಾಗದಪತ್ರದಲ್ಲಿ ಇರುವ ಪ್ರಾಣಿಯ ಹೆಸರು ನಮ್ಮ ಬೀದಿಯ ತಟ್ಟೆಗೆ ಬರುವಷ್ಟರಲ್ಲಿ ಅಳಿಸಿಹೋಗುತ್ತದೆ.

ಟೆಂಡರ್‌ಲಾಯಿನ್ ಎನ್ನುವುದು ಪ್ರಾಣಿಯ ಹೆಸರಲ್ಲ. ಬೆನ್ನುಮೂಳೆಯ ಕೆಳಗಿನ ಮೆತ್ತನೆಯ ಸ್ನಾಯುವಿನ ಹೆಸರು. ಹಂದಿಗೂ ಅದು ಇದೆ. ಇಂಗ್ಲಿಷಿಗೆ ಈ ಜಾಣತನ ಹಳೆಯದು: ಕೊಟ್ಟಿಗೆಯಲ್ಲಿರುವಾಗ ‘ಕೌ’, ತಟ್ಟೆಗೆ ಬಂದಾಗ ಫ್ರೆಂಚಿನಿಂದ ತಂದ ‘ಬೀಫ್’. ಎಮ್ಮೆಗೆ ಅಂಥ ಎರಡನೇ ಹೆಸರು ಸಿಗಲಿಲ್ಲ, ವ್ಯಾಪಾರಿಗಳು ‘ಕ್ಯಾರಾಬೀಫ್’ ಎಂದು ಕಟ್ಟಿಕೊಂಡರು. ಕನ್ನಡದ ಒಲೆಗೆ ಈ ಮುಜುಗರವಿಲ್ಲ. ಕೋಳಿ ಸಾರು, ಏಡಿ ಸಾರು, ಕೊಡಗಿನ ಪಂದಿ ಕರಿ: ಮೊದಲು ಪ್ರಾಣಿ, ಆಮೇಲೆ ಅಡುಗೆ. ಪದಗಳನ್ನು ಒಂದು ನುಡಿಯಿಂದ ಇನ್ನೊಂದಕ್ಕೆ ದಾಟಿಸಿ ಹೊಟ್ಟೆ ಹೊರೆಯುವ ನನಗೆ ಇಷ್ಟು ಗೊತ್ತು: ಅನುವಾದಿಸಲು ಹೊರಟಾಗ ಕೈಗೆ ಏನೂ ಸಿಗದ ಪದವನ್ನು ಯಾರೋ ಬೇಕೆಂದೇ ಖಾಲಿ ಮಾಡಿ ಇಟ್ಟಿರುತ್ತಾರೆ.

ಆ ಖಾಲಿತನದಿಂದ ಲಾಭ ಯಾರಿಗೆ? ಹೈದರಾಬಾದಿನ ಕಲ್ಯಾಣಿ ಬಿರಿಯಾನಿ ಎಮ್ಮೆ ಮಾಂಸದ್ದೆಂದು ಊರಿಗೆಲ್ಲ ಗೊತ್ತು. ಅದಕ್ಕೆ ‘ಬಡವರ ಬಿರಿಯಾನಿ’ ಎಂಬ ಹಣೆಪಟ್ಟಿಯೂ ಇದೆ. ದೆಹಲಿಯ ಗಲ್ಲಿಗಳಲ್ಲಿ ‘ಬಡೇ ಕಾ’ ಎಂದರೆ ಸಾಕು. ಆ ಊಟ ಉಣ್ಣುವವರನ್ನು ಊರು ಗುರುತು ಹಿಡಿಯುತ್ತದೆ, ಮನೆ ಬಾಡಿಗೆಗೆ ಕೊಡುವಾಗ ನೆನಪಿಟ್ಟುಕೊಳ್ಳುತ್ತದೆ. ಅದೇ ಮಾಂಸ ರೋಸ್‌ಮರಿ ಎಸಳಿನ ಜೊತೆ ಬಂದರೆ ಅದಕ್ಕೆ ಜಾತಿಯಿಲ್ಲ, ಧರ್ಮವಿಲ್ಲ, ಪ್ರಾಣಿಯೂ ಇಲ್ಲ. ಬಾಡಿಗೆಗೆ ಬಂದವರ ಅಡುಗೆಮನೆಯನ್ನು ವಿಚಾರಿಸುವವರು ಶನಿವಾರ ರಾತ್ರಿ ತಮ್ಮ ತಟ್ಟೆಯನ್ನು ವಿಚಾರಿಸುವುದಿಲ್ಲ. ಮೆನುವಿನ ಮೌನ ಅವರಿಗೆ ಮಾಡಿಕೊಟ್ಟ ಅನುಕೂಲ ಅದು.

ಹೆಸರು ಹಾಕಿದರೆ ಗಲಾಟೆಯಾಗುತ್ತದೆ ಎನ್ನುತ್ತಾರೆ. ಆ ಭಯ ಸುಳ್ಳಲ್ಲ. 2015ರಲ್ಲಿ ದಾದ್ರಿಯಲ್ಲಿ ಒಂದು ಮನೆಗೆ ಗುಂಪು ನುಗ್ಗಿ ಒಬ್ಬರನ್ನು ಕೊಂದಿತು. ಹರಡಿದ್ದು ಫ್ರಿಜ್ಜಿನಲ್ಲಿ ಯಾವ ಮಾಂಸವಿದೆ ಎಂಬ ವದಂತಿ. ಮೆನುವಿನ ಒಂದು ಸಾಲು ಅಂಥ ಗುಂಪನ್ನು ತಡೆಯುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಮೌನ ಯಾರನ್ನು ಕಾಯುತ್ತಿದೆ ನೋಡಿ. ಬಿಲ್ಲು, ಲೈಸೆನ್ಸು, ವಕೀಲರು ಎಲ್ಲ ಇರುವ ಮಾಲೀಕರು ‘ಟೆಂಡರ್‌ಲಾಯಿನ್’ ಎಂಬ ಪದದ ಹಿಂದೆ ನಿಲ್ಲುತ್ತಾರೆ. ಉತ್ತರ ಕೊಡುವ ಪಾಲು ಸಂಬಳದ ಹುಡುಗನಿಗೆ, ಮಾಂಸ ಸಾಗಿಸುವ ಟೆಂಪೋ ಚಾಲಕನಿಗೆ. ‘ಇದು ಕೋಣ, ಇದು ಸಕ್ರಮ’ ಎಂದು ಗಟ್ಟಿಯಾಗಿ ಹೇಳಬಲ್ಲವರೇ ಪಿಸುಗುಟ್ಟಿದರೆ, ಬಡವರು ಹೇಳುವ ನಿಜವೂ ತಪ್ಪೊಪ್ಪಿಗೆಯಂತೆ ಕೇಳುತ್ತದೆ.

ತಿನ್ನದವರ ಹಕ್ಕೂ ಇದರಲ್ಲಿದೆ. ಆಡು ತಿಂದು ಎಮ್ಮೆ ಬಿಟ್ಟವರಿದ್ದಾರೆ. ಅವರಿಗೆ ಗೊತ್ತಾಗದಂತೆ ಬಡಿಸುವುದು ಮೋಸ. ಕಾನೂನೂ ರಾಜ್ಯಕ್ಕೊಂದು ಥರ. ಕರ್ನಾಟಕದ 2020ರ ಕಾನೂನಿನಲ್ಲಿ 13 ವರ್ಷ ತುಂಬದ ಎಮ್ಮೆ, ಕೋಣಗಳನ್ನೂ ಕಡಿಯುವಂತಿಲ್ಲ. ಪುಣೆಯ ಟೆಂಡರ್‌ಲಾಯಿನ್ ಬೇರೆ, ಬೆಂಗಳೂರಿನದು ಬೇರೆ, ಪದ ಮಾತ್ರ ಒಂದೇ. ರುಚಿಯ ಮಾತೂ ಉಂಟು: ಎಮ್ಮೆ ಮಾಂಸದಲ್ಲಿ ಕೊಬ್ಬು ಕಡಿಮೆ, ತುಸು ಹೆಚ್ಚು ಬೆಂದರೂ ಒಣಗುತ್ತದೆ. ಹೆಸರು ಹೇಳದ ಹೋಟೆಲು ಈ ಎಚ್ಚರಿಕೆಯನ್ನೂ ಹೇಳಲಾರದು.

ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕೆಂದು ನಿಯಮವಿದೆ. ಕ್ಯಾಲೊರಿಗೆ ಸಿಕ್ಕ ಜಾಗದಲ್ಲಿ ಎರಡಕ್ಷರದ ಪ್ರಾಣಿಯೊಂದು ಹಿಡಿಯದೇ? ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಒಂದಿದೆ. ಮುಂದಿನ ಸಲ ಕೇಳುವಾಗ ವೇಟರನ್ನು ಕೇಳಬೇಡಿ, ಮಾಲೀಕರನ್ನು ಕರೆಸಿ ಕೇಳಿ. ದನಿ ತಗ್ಗಿಸದೆ ಕೇಳಿ.