ಮುಂದಿನ ಶನಿವಾರ ವಿಷಲ್ ಊದೋರು ಯಾರು?

ನಾಲ್ಕನೇ ಸೆಮ್ ಮುಗಿಯುತ್ತಾ ಬಂದ ಹಾಗೆ ನಮ್ಮ ಕ್ಲಾಸ್ ಗ್ರೂಪಿನಲ್ಲಿ ಇಂಟರ್ನ್‌ಶಿಪ್ ಲಿಂಕುಗಳ ಜೊತೆ ಇನ್ನೊಂದು ಥರದ ಲಿಂಕೂ ಬರ್ತಾ ಇದೆ. ಆಫ್ರಿಕಾದ ಯಾವುದೋ ದೇಶಕ್ಕೆ ಹೋಗಿ ಆರು ವಾರ ಬಡ ಮಕ್ಕಳಿಗೆ ಫುಟ್‌ಬಾಲ್ ಕೋಚ್ ಆಗಬಹುದಂತೆ. ವಿಮಾನದ ಟಿಕೆಟ್ ನಮ್ಮದೇ, ಊಟ-ವಸತಿ ಅಂತ ಸಂಸ್ಥೆಗೆ ಕಟ್ಟೋ ಫೀಸೂ ನಮ್ಮದೇ. ಕೊನೆಗೆ ಒಂದು ಸರ್ಟಿಫಿಕೇಟ್. "ಎಂ.ಎಸ್.ಗೆ ಅಪ್ಲೈ ಮಾಡುವಾಗ ಚೆನ್ನಾಗಿ ಕಾಣುತ್ತೆ ಮಗಾ" ಅನ್ನೋದು ಗ್ರೂಪಿನ ಒಟ್ಟು ಅಭಿಪ್ರಾಯ.

ಹೋಗೋರನ್ನ ಆಡಿಕೊಳ್ಳೋಕೆ ನಾನು ಇದನ್ನ ಬರೀತಿಲ್ಲ. ಬೇರೆ ದೇಶ ನೋಡೋ ಆಸೆ ನನಗೂ ಇದೆ. ನನ್ನ ಪ್ರಶ್ನೆ ಒಂದೇ. ಆರು ವಾರ ಮುಗಿದ ಮೇಲೆ ಬರೋ ಶನಿವಾರ ಆ ಮಕ್ಕಳಿಗೆ ವಿಷಲ್ ಊದೋರು ಯಾರು?

ಈ ಪ್ರಶ್ನೆ ನನಗೆ ಬಂದಿದ್ದು ನಮ್ಮೂರಿಂದ. ನಮ್ಮೂರು ಅತ್ತಿಗುಂಡಿ. ನಿಮ್ಮಲ್ಲಿ ಮುಕ್ಕಾಲು ಜನ ಅಲ್ಲಿಗೆ ಬಂದಿರ್ತೀರಿ, ಹೆಸರು ಗೊತ್ತಿಲ್ಲ ಅಷ್ಟೇ. ಬಾಬಾ ಬುಡನ್‌ಗಿರಿಗೆ ಹೋಗುವಾಗ, ಝರಿ ಫಾಲ್ಸಿಗೆ ಜೀಪ್ ಹತ್ತುವಾಗ ನೀವು ಬೈಕ್ ನಿಲ್ಲಿಸೋ ಊರು ಅದು. ರಸ್ತೆಯಿಂದ ಕಾಣೋದು ಕಾಫಿ ತೋಟ ಮತ್ತು ಮಂಜು. ತೋಟದ ಒಳಗೆ ಕೂಲಿಯವರ ಲೈನ್ ಮನೆಗಳಿವೆ. ಅಪ್ಪ ತೋಟದಲ್ಲಿ ರೈಟರ್ ಆಗಿರೋದರಿಂದ ನಾನು ಆ ಲೈನಿನ ಮಕ್ಕಳ ಜೊತೆ ಆಡಿ ಬೆಳೆದವಳು, ಓದಿದ್ದು ಮಾತ್ರ ಪೇಟೆಯ ಇಂಗ್ಲಿಷ್ ಮೀಡಿಯಂನಲ್ಲಿ. ಅಲ್ಲಿ ಆಡೋಕೆ ಸಮತಟ್ಟು ಜಾಗ ಅಂದರೆ ಕಾಫಿ ಒಣಗಿಸೋ ಕಣ ಒಂದೇ. ಡಿಸೆಂಬರ್ ಬಂತೆಂದರೆ ಕಣದ ತುಂಬ ಕಾಫಿ. ಜೂನ್ ಬಂತೆಂದರೆ ಮಳೆ, ಜಿಗಣೆ. ಉಳಿದ ತಿಂಗಳುಗಳೇ ಸೀಸನ್. ಚೆಂಡು ಇಳಿಜಾರಿಗೆ ಹೋದರೆ ಸಿಗೋದಿಲ್ಲ ಅಂತ ಒಬ್ಬ ಹುಡುಗ ಯಾವಾಗಲೂ ಕೆಳಗೇ ನಿಂತಿರ್ತಾನೆ. ಕೊಯ್ಲು ಮುಗಿದ ಮೇಲೆ ಕೆಲವು ಮನೆಯವರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋಗ್ತಾರೆ, ಟೀಮಿನಲ್ಲಿ ನಾಲ್ಕು ಜನ ಕಮ್ಮಿ ಆಗ್ತಾರೆ.

ಎರಡು ವರ್ಷದ ಹಿಂದೆ ಹೊರಗಿನಿಂದ ಒಂದು ಯುವಕರ ತಂಡ ಬಂದು ಇಲ್ಲಿ ಮೂರು ದಿನ ಫುಟ್‌ಬಾಲ್ ಕ್ಯಾಂಪ್ ನಡೆಸಿತು. ಒಳ್ಳೆಯ ಹುಡುಗರೇ. ಎಲ್ಲರಿಗೂ ಹಳದಿ ಟೀ-ಶರ್ಟ್ ಕೊಟ್ಟರು, ಎರಡು ಚೆಂಡು ಕೊಟ್ಟರು, ಗ್ರೂಪ್ ಫೋಟೋ ತೆಗೆದರು, "ಮತ್ತೆ ಬರ್ತೀವಿ" ಅಂದರು. ತಿಂಗಳೊಳಗೆ ಚೆಂಡಿನ ಗಾಳಿ ಹೋಯಿತು, ಪಂಪ್ ಇರಲಿಲ್ಲ. ಅದು ಸಣ್ಣ ವಿಷಯ ಬಿಡಿ. ಮಕ್ಕಳು ನಾಲ್ಕೈದು ಶನಿವಾರ ಅದೇ ಟೀ-ಶರ್ಟ್ ಹಾಕ್ಕೊಂಡು ರಸ್ತೆ ತಿರುವಿನಲ್ಲಿ ಕಾದರು. "ಅಣ್ಣಂದಿರು ಇವತ್ತು ಬರ್ತಾರಾ ಅಕ್ಕ?" ಅಂತ ನನ್ನನ್ನ ಕೇಳೋರು. ಕ್ಯಾಂಪ್ ಮುಗಿದಿದೆ, ಇನ್ನು ಬರಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ದೊಡ್ಡ ಯೋಜನೆಗಳೂ ಹೀಗೆ ಕೈಬಿಟ್ಟಿವೆ. ಉತ್ತರ ಕನ್ನಡದ ಸಿದ್ದಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಪೆಷಲ್ ಏರಿಯಾ ಗೇಮ್ಸ್ ಎಂಬ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನ ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಡೋಕೆ ಶುರು ಮಾಡಿತು. ಆ ಮಕ್ಕಳು ಓಡಿದರು, ಪದಕ ಗೆದ್ದರು. 1993ರಲ್ಲಿ ಸಿದ್ದಿಯರ ಆ ತರಬೇತಿ ನಿಂತೇಹೋಯಿತು. ಮತ್ತೆ ಶುರುವಾಗೋಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. 1993ರಲ್ಲಿ ಹತ್ತು ವರ್ಷದವಳಾಗಿದ್ದ ಹುಡುಗಿಗೆ ಅಷ್ಟೊತ್ತಿಗೆ ಮೂವತ್ತು ದಾಟಿತ್ತು. ಓಟಗಾರ್ತಿಯ ಲೆಕ್ಕದಲ್ಲಿ ಅದು ಇಡೀ ಆಯುಷ್ಯ.

ಹಾಗಾದರೆ ಹೊರಗಿನವರು ಬರಲೇಬಾರದಾ? ಹಾಗೇನಿಲ್ಲ. ಅದೇ 1987ರಲ್ಲಿ ಕೀನ್ಯಾದ ನೈರೋಬಿಯಲ್ಲಿ, ಮಥಾರೆ ಅನ್ನೋ ಕೊಳೆಗೇರಿಯಲ್ಲಿ, ಬಾಬ್ ಮನ್ರೋ ಎಂಬ ಕೆನಡಾದವರು ಮಕ್ಕಳ ಫುಟ್‌ಬಾಲ್ ಲೀಗ್ ಶುರು ಮಾಡಿದರು. ಅಲ್ಲಿ ಬೀದಿಯ ಕಸ ಎತ್ತಿದ ತಂಡಕ್ಕೆ ಲೀಗ್ ಪಟ್ಟಿಯಲ್ಲೇ ಪಾಯಿಂಟ್. ಆಡಿ ಬೆಳೆದ ಹುಡುಗ ಹುಡುಗಿಯರೇ ಮುಂದೆ ಕೋಚ್ ಆದರು, ಸಂಸ್ಥೆಯನ್ನೂ ನಡೆಸಿದರು. ಅಲ್ಲಿಂದ ಬಂದ ಮಥಾರೆ ಯುನೈಟೆಡ್ ತಂಡ 2008ರಲ್ಲಿ ಕೀನ್ಯಾದ ಪ್ರೀಮಿಯರ್ ಲೀಗನ್ನೇ ಗೆದ್ದಿತು. ಶುರು ಮಾಡಿದ್ದು ವಿದೇಶಿಯವರೇ, ಆದರೆ ವಿಷಲ್ ಊರಿನವರ ಕೈಗೆ ಹೋಯಿತು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ವಿಟಿಯು ಪ್ರಕಾರ ನಮಗೆಲ್ಲ 100 ಆಕ್ಟಿವಿಟಿ ಪಾಯಿಂಟ್ಸ್ ಬೇಕು. ನಾವು ಹೇಗೆ ತಗೋತೀವಿ ಅಂತ ನಿಮಗೇ ಗೊತ್ತು: ಒಂದು ಗಿಡ, ಹತ್ತು ಜನ, ಇಪ್ಪತ್ತು ಫೋಟೋ. ಅದೇ ಗಂಟೆಗಳನ್ನ ಒಂದೇ ಊರಿಗೆ, ಒಂದೇ ಶಾಲೆಗೆ ಕೊಡೋಣ. ಕಾಲೇಜಿನಿಂದ ಅತ್ತಿಗುಂಡಿಗೆ ಬೈಕಲ್ಲಿ ಒಂದು ಗಂಟೆ ಚಿಲ್ಲರೆ. ಟ್ರೆಕ್ಕಿಂಗಿಗೆ ಹೇಗೂ ಬರ್ತೀರಲ್ಲ.

"ನಮಗೇ ಸರಿಯಾಗಿ ಆಡೋಕೆ ಬರಲ್ಲ, ಕೋಚಿಂಗ್ ಏನು ಮಾಡೋದು" ಅಂತ ಕೆಲವರು ಕೇಳಬಹುದು. ಬರದಿದ್ದರೂ ಮಾಡಬಹುದಾದ ಕೆಲಸ ತುಂಬ ಇದೆ. ಸಣ್ಣ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರು ಇರೋದೇ ಅಪರೂಪ. ಹೋಬಳಿ ಮಟ್ಟದ ಓಟಕ್ಕೆ ಮಗುವನ್ನ ಕರಕೊಂಡು ಹೋಗೋರು ಬೇಕು. ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ನಡೆಯುತ್ತೆ ಅನ್ನೋದೇ ಲೈನಿನ ಎಷ್ಟೋ ಅಪ್ಪ-ಅಮ್ಮಂದಿರಿಗೆ ಗೊತ್ತಿಲ್ಲ. ಅದರ ಫಾರ್ಮ್ ತುಂಬೋಕೆ, ಆಧಾರ್, ಜನನ ಪ್ರಮಾಣಪತ್ರ ಹೊಂದಿಸೋಕೆ ಫುಟ್‌ಬಾಲ್ ಬರಬೇಕಿಲ್ಲ. ನಮ್ಮದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್‌ ಆಡಿದರು, ಆದರೆ ಕ್ರಿಕೆಟ್ ಕಲಿಯೋಕೆ ಅವರು ಬೆಂಗಳೂರಿಗೆ ಹೋಗಬೇಕಾಯಿತು. ಹಾಗೆ ಹೋಗಬೇಕಾದರೆ ಹಿಂದೆ ನಿಲ್ಲೋರು ಬೇಕು.

ನಿಯಮ ಮೂರು ಸಾಕು. ಮೊದಲ ದಿನದಿಂದಲೇ ಊರಿನ ಒಬ್ಬ ಪಿಯುಸಿ ಹುಡುಗಿ ಅಥವಾ ಹುಡುಗ ಕೋಚ್, ನಾವು ಸಹಾಯಕರು. ಎಕ್ಸಾಮ್ ಇದ್ದು ಬರೋಕೆ ಆಗದಿದ್ದರೆ ಹಿಂದಿನ ವಾರವೇ ಮಕ್ಕಳಿಗೆ ಹೇಳಬೇಕು. ಪ್ರತಿ ಬ್ಯಾಚ್ ಹೋಗೋ ಮುಂಚೆ ಇಬ್ಬರು ಜೂನಿಯರ್‌ಗಳನ್ನ ತಯಾರು ಮಾಡಬೇಕು.

ವಿದೇಶಕ್ಕೆ ಹೋಗೋರೂ ಹೋಗಿ. ದುಡ್ಡು ಕಟ್ಟೋ ಮುಂಚೆ ಅಲ್ಲಿಯ ಊರಿನ ಕೋಚ್ ಯಾರು, ನಾನು ಬಂದ ಮೇಲೆ ಯಾರು, ನನ್ನ ಫೀಸಿನಲ್ಲಿ ಅವರಿಗೆ ಎಷ್ಟು ಸಿಗುತ್ತೆ ಅಂತ ಕೇಳಿ. ಉತ್ತರ ಬಂದರೆ ಧೈರ್ಯವಾಗಿ ಹೊರಡಿ.

ಇಲ್ಲೇ ಇರೋರಿಗೆ ಒಂದು ಮಾತು. ಮಳೆ ಬಿಟ್ಟ ಮೇಲೆ, ಕಣಕ್ಕೆ ಕಾಫಿ ಬರೋ ಮುಂಚೆ, ಅಕ್ಟೋಬರಿನಲ್ಲಿ ಶುರು ಮಾಡೋಣ. ಕ್ಲಬ್ಬಿನ ಬೋರ್ಡಿನಲ್ಲಿ ಹಾಳೆ ಹಾಕಿರ್ತೀನಿ. ಡಿಗ್ರಿ ಮುಗಿಯೋವರೆಗೂ ಬರೋಕೆ ಆಗೋರು ಮಾತ್ರ ಹೆಸರು ಬರೀರಿ. ನಾಲ್ಕೇ ಜನ ಸಿಕ್ಕರೂ ಪರವಾಗಿಲ್ಲ.