ಶೀಟಿನ ಕಾವಿಗೆ ಹಾಲು ಇಳಿಯುತ್ತಿದೆ

ಹಾಲು ಉತ್ಪಾದಕ ಸೋದರಿಯರೇ,

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಸಂಜೆಯ ಹಾಲು ಏಕೆ ಇಳಿಯುತ್ತದೆ? ಹಾಕುವ ಮೇವು ಅದೇ, ಹಿಂಡಿ ಅದೇ, ಕರೆಯುವ ಕೈಯೂ ಅದೇ. ಫ್ಯಾಟು ಕಡಿಮೆ ಬಂದರೆ ಡೈರಿಯ ಮಿಷನ್ನನ್ನು ಬೈಯುತ್ತೇವೆ. ಒಮ್ಮೆ ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟಿಗೆಯೊಳಗೆ ಹತ್ತು ನಿಮಿಷ ನಿಂತು ನೋಡಿ, ತಲೆಯ ಮೇಲಿನ ಶೀಟೇ ಉತ್ತರ ಹೇಳುತ್ತದೆ.

ಉಡಿಗಾಲದ ಸುತ್ತಮುತ್ತ, ಅತ್ತ ಗುಂಡ್ಲುಪೇಟೆ ಕಡೆಗೂ, ನಾಡಹೆಂಚು ಇಳಿಸಿ ಶೀಟು ಹೊದಿಸುವುದು ನಡೆದೇ ಇದೆ. ಕಾರಣವೂ ಇಲ್ಲದಿಲ್ಲ. ಹೆಂಚು ಒಡೆಯುತ್ತದೆ, ಕೋತಿಗಳು ಬಿಡುವುದಿಲ್ಲ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರೂ ಸಿಗುವುದಿಲ್ಲ. ಶೀಟಾದರೆ ಒಂದೇ ದಿನದ ಕೆಲಸ. ಆದರೆ ತಗಡು ಬಿಸಿಲನ್ನು ಕ್ಷಣದಲ್ಲೇ ಒಳಗೆ ದಾಟಿಸುತ್ತದೆ. ಹೆಂಚು ನಿಧಾನವಾಗಿ ಕಾಯುತ್ತದೆ, ಸಂದಿನಿಂದ ಬಿಸಿ ಗಾಳಿಯನ್ನು ಹೊರಗೆ ಬಿಡುತ್ತದೆ. ನಮ್ಮ ತೊಟ್ಟಿಮನೆಗಳಲ್ಲಿ ಫ್ಯಾನಿಲ್ಲದೆಯೂ ಮಧ್ಯಾಹ್ನ ಮಲಗಲು ಆಗುತ್ತಿದ್ದುದು ದಪ್ಪ ಮಣ್ಣಿನ ಗೋಡೆ, ಹೆಂಚು, ಕಾವು ಮೇಲೇರಿ ಹೋಗಲು ತೆರೆದ ತೊಟ್ಟಿ, ಇವುಗಳಿಂದಲೇ. ಎಷ್ಟೋ ಮನೆಗಳಲ್ಲಿ ದನಗಳೂ ಅದೇ ಸೂರಿನಡಿ ಇದ್ದವು.

ಅವು ನಾಟಿ ದನ, ಬಿಸಿಲು ತಡೆಯುತ್ತಿದ್ದವು. ಈಗ ಕಟ್ಟಿರುವುದು ಸೀಮೆಹಸು. 25 ಡಿಗ್ರಿ ದಾಟುತ್ತಿದ್ದಂತೆ ಎಚ್.ಎಫ್. ಹಸುವಿಗೆ ಸೆಕೆ ಶುರು. ಮೇವು ಅರಗುವಾಗಲೇ ಹೊಟ್ಟೆಯಲ್ಲಿ ಕಾವು ಹುಟ್ಟುತ್ತದೆ, ಹೆಚ್ಚು ಹಾಲಿನ ಹಸುವಿಗೆ ಅದು ಇನ್ನೂ ಹೆಚ್ಚು. ಅದಕ್ಕೇ ಸೆಕೆಯಲ್ಲಿ ಹಸು ಒಣಹುಲ್ಲಿಗೆ ಬಾಯಿ ಹಾಕುವುದಿಲ್ಲ. ನಾರು ಕಡಿಮೆಯಾದರೆ ಫ್ಯಾಟು ಇಳಿಯಲೇಬೇಕು. ಬೆದೆಯೂ ಸರಿಯಾಗಿ ಗೊತ್ತಾಗುವುದಿಲ್ಲ, ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲುವುದು ಕಷ್ಟ. ಒಂದು ಲೀಟರಿನ ಜೊತೆಗೆ ಒಂದು ಕರುವೂ ತಡವಾಯಿತು ಎಂದೇ ಲೆಕ್ಕ.

ಫ್ಯಾನು ಹಾಕಿ ಎನ್ನುವವರಿದ್ದಾರೆ. ಬೇಸಿಗೆಯ ನಡುಹಗಲಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆಂದು ನಿಮಗೇ ಗೊತ್ತು. ಮೊದಲು ಛಾವಣಿ ಸರಿಯಾಗಲಿ. ಹೆಂಚಿನ ಕೊಟ್ಟಿಗೆ ಇದ್ದವರು ದಯವಿಟ್ಟು ಕೀಳಿಸಬೇಡಿ. ಶೀಟು ಹಾಕಿಸಿಯಾಗಿದ್ದರೆ ಮೇಲೆ ಸುಣ್ಣಕ್ಕೆ ಅಂಟು ಬೆರೆಸಿ ದಪ್ಪಗೆ ಬಳಿಸಿ, ಅಥವಾ ತೆಂಗಿನ ಗರಿ ಹೊದಿಸಿ (ಒಲೆಯ ಕಿಡಿ ಹಾರದಂತೆ ಎಚ್ಚರ). ಹೊಸದಾಗಿ ಕಟ್ಟುವುದಾದರೆ ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಆಗ ಬೆಳಗಿನ, ಸಂಜೆಯ ಬಿಸಿಲು ಓರೆಯಾಗಿ ಒಳಗೆ ನುಗ್ಗುವುದು ಕಡಿಮೆ. ಸೂರು ಹತ್ತು ಅಡಿ ಎತ್ತರವಿರಲಿ. ನೆತ್ತಿಯಲ್ಲಿ ಕಾವು ಹೋಗಲು ಸಂದು ಬಿಟ್ಟು, ಮಳೆ ಬೀಳದಂತೆ ಮೇಲೊಂದು ಸಣ್ಣ ಮುಚ್ಚಿಗೆ ಹಾಕಿಸಿ. ಪಡುವಣ ಬದಿಗೆ ಎರಡು ಹೊಂಗೆ ನೆಡಿ. ನೀರಿನ ತೊಟ್ಟಿ ನೆರಳಲ್ಲಿರಲಿ, ಬೇಸಿಗೆಯಲ್ಲಿ ಕರೆಯುವ ಹಸುವಿಗೆ ದಿನಕ್ಕೆ 60ರಿಂದ 100 ಲೀಟರ್ ನೀರು ಬೇಕು.

ಕೊಟ್ಟಿಗೆಯ ಅಳತೆ ಮಾತಾಡುವುದು ಮನೆಯ ಗಂಡಸರು ಮತ್ತು ಮೇಸ್ತ್ರಿ. ಆ ಸೆಕೆಯಲ್ಲಿ ಸಗಣಿ ಬಾಚುವುದು, ಹಾಲು ಕರೆಯುವುದು ನೀವು. ಉದ್ಯೋಗ ಖಾತ್ರಿಯಲ್ಲಿ ಕೊಟ್ಟಿಗೆಗೆ ಅರ್ಜಿ ಹಾಕುವ ದಿನವೇ ಎತ್ತರ, ದಿಕ್ಕು ಎರಡನ್ನೂ ನೀವೇ ಹೇಳಿ. ಸಂಘದ ವಾರ್ಷಿಕ ಸಭೆಯಲ್ಲೂ ಎದ್ದು ನಿಂತು ಕೇಳಿ: ರಬ್ಬರ್ ಮ್ಯಾಟಿಗೆ, ಹಾಲು ಕರೆಯುವ ಯಂತ್ರಕ್ಕೆ ಸಹಾಯಧನ ಸಿಗುವ ಹಾಗೆ ಹೆಂಚಿನ ಛಾವಣಿಗೂ ಏಕೆ ಸಿಗಬಾರದು?